ಬೀಜ ಇರೋದೇ ತಪ್ಪಾ?

ಫೆಬ್ರವರಿ ಬಂದು ತಳ್ಳುಗಾಡಿ ತುಂಬ ದ್ರಾಕ್ಷಿ ಕಾಣಿಸೋಕೆ ಶುರುವಾದರೆ ನಮ್ಮ ಕನ್ನಡ ಬ್ಲಾಗಿಗರಲ್ಲಿ ಒಬ್ಬರಾದರೂ ಒಂದು ಪೋಸ್ಟ್ ಹಾಕೇ ಹಾಕ್ತಾರೆ. ‘ಚಿಕ್ಕಂದಿನಲ್ಲಿ ತಿಂದ ದ್ರಾಕ್ಷಿಯ ರುಚಿ ಈಗ ಎಲ್ಲಿದೆ?’ ಅಂತ. ಕೆಳಗೆ ಕಾಮೆಂಟುಗಳ ಸಾಲು. ‘ನಿಜ ಸಾರ್, ಆ ಕಾಲವೇ ಬೇರೆ’, ‘ಬಾಯಲ್ಲಿ ನೀರು ಬಂತು’, ‘ಕಾಲಾಯ ತಸ್ಮೈ ನಮಃ’... ಓದೋಕೆ ಚೆನ್ನಾಗಿರುತ್ತೆ, ಇಲ್ಲ ಅನ್ನಲ್ಲ.

ಆದ್ರೆ ಈ ‘ಕಾಲ’ದ ಮೇಲೆ ಎಲ್ಲಾ ಭಾರ ಹಾಕಿ ಕೈತೊಳೆದುಕೊಳ್ಳೋದರ ಬಗ್ಗೆ ನನ್ನದೊಂದು ತಕರಾರಿದೆ. ಕಾಲ ಯಾವ ದ್ರಾಕ್ಷಿ ಬಳ್ಳಿಯನ್ನೂ ಕಿತ್ತು ಹಾಕಿಲ್ಲ. ಕಿತ್ತವರು ಮನುಷ್ಯರು. ಲೆಕ್ಕ ಹಾಕಿ ಕಿತ್ತರು. ಆ ಲೆಕ್ಕ ಹಾಕಿಸಿದವರಲ್ಲಿ ವ್ಯಾಪಾರಿ ಇದ್ದಾನೆ, ಸರ್ಕಾರ ಇದೆ, ವೈನ್ ಕಂಪನಿಗಳಿವೆ, ‘ಸೀಡ್‌ಲೆಸ್ಸಾ?’ ಅಂತ ಕೇಳಿಯೇ ಕೊಳ್ಳೋ ಗಿರಾಕಿಯೂ ಇದ್ದಾನೆ. ಇವತ್ತು ಈ ಲೆಕ್ಕದ ಬಗ್ಗೆ ಸ್ವಲ್ಪ ಜಗಳ ಆಡೋಣ ಅಂತ ಕೂತಿದ್ದೀನಿ. ಪೋಸ್ಟ್ ಉದ್ದ ಇದೆ, ಚಹಾ ತಗೊಂಡು ಬಂದು ಓದಿ :)

ಮೊದಲು ಯಾವ ದ್ರಾಕ್ಷಿ ಅಂತ ಹೇಳಿಬಿಡ್ತೀನಿ. ಅನಾಬ್-ಎ-ಶಾಹಿ. ‘ಅನಾಬ್’ ಅಂದ್ರೆ ದ್ರಾಕ್ಷಿ, ‘ಶಾಹಿ’ ಅಂದ್ರೆ ರಾಜರದ್ದು. ಬಿಳಿ ದ್ರಾಕ್ಷಿ. ಬಿಳಿ ಅಂತ ಕರೆಯೋದು ರೂಢಿ, ಪೂರ್ತಿ ಹಣ್ಣಾದಾಗ ಜೇನಿನ ಬಣ್ಣಕ್ಕೆ ಬರುತ್ತೆ. ಉದ್ದನೆ ಹಣ್ಣು, ದೊಡ್ಡ ಗೊಂಚಲು, ಒಳಗೆ ಬೀಜ. ಇದನ್ನ ಹೈದರಾಬಾದಿಗೆ ತಂದು ಬೆಳೆಸಿದ ಶ್ರೇಯಸ್ಸನ್ನು ಅಬ್ದುಲ್ ಬಾಕರ್ ಖಾನ್ ಅನ್ನೋರಿಗೆ ಕೊಡ್ತಾರೆ. ಹೈದರಾಬಾದಿನ ಸುತ್ತಮುತ್ತ ಹಬ್ಬಿ, ಅಲ್ಲಿಂದ ಕರ್ನಾಟಕಕ್ಕೆ, ಆ ಕಡೆ ಪಂಜಾಬ್ ಹರಿಯಾಣದವರೆಗೂ ಹೋದ ತಳಿ ಇದು. ಒಂದು ಕಾಲದಲ್ಲಿ ದಕ್ಷಿಣದಲ್ಲಿ ಬಿಳಿ ದ್ರಾಕ್ಷಿ ಅಂದ್ರೆ ಬಹಳ ಮಂದಿಗೆ ಇದೇ.

ನಮ್ಮೂರು ಸುಲೇಪೇಟ. ಚಿಂಚೋಳಿ ತಾಲ್ಲೂಕು, ಕಲಬುರಗಿ ಜಿಲ್ಲೆ. ತೊಗರಿ ಸೀಮೆ, ದ್ರಾಕ್ಷಿ ಸೀಮೆ ಅಲ್ಲ. ಆದ್ರೆ 1956ರ ನವೆಂಬರ್ 1ರವರೆಗೆ ನಾವು ಹೈದರಾಬಾದ್ ರಾಜ್ಯದವರು. ರಾಜ್ಯ ಬದಲಾದ ಮೇಲೂ ನಮ್ಮವರ ಪೇಟೆ, ಆಸ್ಪತ್ರೆ, ಬಟ್ಟೆ ಖರೀದಿ ಎಲ್ಲಾ ತಾಂಡೂರು, ಹೈದರಾಬಾದ್ ಕಡೆಗೇ ಇತ್ತು. ಹಣ್ಣೂ ಆ ಕಡೆಯಿಂದಲೇ ಬರೋದು. ನಮ್ಮ ಮುತ್ಯಾ ದ್ರಾಕ್ಷಿ ಅಂದದ್ದನ್ನ ನಾನು ಕೇಳಿಲ್ಲ, ‘ಅಂಗೂರ’ ಅಂತಲೇ ಅನ್ನೋರು. ಅವರ ಲೆಕ್ಕದಲ್ಲಿ ಅಂಗೂರ ಅಂದ್ರೆ ಬೀಜ ಉಗುಳುತ್ತ ತಿನ್ನೋ ಹಣ್ಣು. ಬೀಜ ಇಲ್ಲದ್ದು ಬಂದಾಗ ‘ಇದೇನಪಾ, ಹೊಟ್ಯಾಗ ಏನೂ ಇಲ್ಲ ಇದರ್ದು’ ಅಂದಿದ್ರಂತೆ!

ಈಗ ಸುಲೇಪೇಟ ಸಂತೆಯಲ್ಲಿ ಗಾಡಿಯವನ ಹತ್ತಿರ ನಿಂತು ಐದು ನಿಮಿಷ ಕೇಳಿಸಿಕೊಳ್ಳಿ. ರೇಟು ಕೇಳೋ ಮೊದಲೇ ‘ಬೀಜ ಅದಾವೇನ್ರೀ ಇದ್ರಾಗ?’ ಅಂತಾರೆ. ‘ಇಲ್ರೀ ಅಕ್ಕಾ, ಪೂರಾ ಸೀಡ್‌ಲೆಸ್’ ಅಂದ್ರೆ ಮಾತ್ರ ಕೈ ಗೊಂಚಲಿಗೆ ಹೋಗುತ್ತೆ. ಬೀಜ ಅನ್ನೋದು ದ್ರಾಕ್ಷಿಗೆ ಕಳಂಕ ಆಗಿಬಿಟ್ಟಿದೆ.

ಬೀಜವಿಲ್ಲದ ದ್ರಾಕ್ಷಿಯ ಹೆಸರು ಥಾಮ್ಸನ್ ಸೀಡ್‌ಲೆಸ್. ಇರಾನ್ ಕಡೆಯ ಕಿಶ್ಮಿಶ್ ದ್ರಾಕ್ಷಿಯನ್ನು 1870ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬೆಳೆದ ವಿಲಿಯಂ ಥಾಮ್ಸನ್ ಅವರ ಹೆಸರೇ ಅದಕ್ಕೆ ಅಂಟಿಕೊಂಡಿತು. ನಮ್ಮ ವಿಜಯಪುರ, ಬಾಗಲಕೋಟೆ, ಆ ಕಡೆ ಸಾಂಗಲಿ, ಸೊಲ್ಲಾಪುರ ಎಲ್ಲಾ ಇದರ ಸಾಮ್ರಾಜ್ಯ. ‘ಒಂದೇ ಎಲ್ಲಿ? ತಾಸ್-ಎ-ಗಣೇಶ್ ಇದೆ, ಸೋನಾಕಾ ಇದೆ, ಮಾಣಿಕ್ ಚಮನ್ ಇದೆ, ಎಷ್ಟೊಂದು ತಳಿ!’ ಅಂತ ಯಾರಾದ್ರೂ ಹೇಳಬಹುದು. ಈ ಮೂರೂ ಥಾಮ್ಸನ್ ತೋಟಗಳಲ್ಲೇ ಯಾವುದೋ ಒಂದು ಬಳ್ಳಿ ಸ್ವಲ್ಪ ಬೇರೆ ಥರ ಹಣ್ಣು ಬಿಟ್ಟಾಗ ರೈತರು ಗುರುತಿಸಿ ಕಡ್ಡಿ ಕತ್ತರಿಸಿ ಬೆಳೆಸಿದವು. ಆ ರೈತರ ಕಣ್ಣಿಗೆ ಶರಣು. ಆದ್ರೆ ಹೆಸರು ಮೂರಾದರೂ ಮೂಲ ಬಳ್ಳಿ ಒಂದೇ.

ಎಲ್ಲರೂ ಒಂದೇ ಬಳ್ಳಿಯ ಬೆನ್ನು ಹತ್ತಿದರೆ ಏನಾಗುತ್ತೆ? 2010ನ್ನು ನೆನಪು ಮಾಡಿಕೊಳ್ಳಿ. ಥಾಮ್ಸನ್ ದ್ರಾಕ್ಷಿಯಲ್ಲಿ ಕ್ಲೋರ್‌ಮೆಕ್ವಾಟ್ ಅನ್ನೋ ಬೆಳವಣಿಗೆ ನಿಯಂತ್ರಕದ ಉಳಿಕೆ ಸಿಕ್ಕಿತು ಅಂತ ಯುರೋಪು ಭಾರತದ ಹಣ್ಣನ್ನು ತಡೆದು ನಿಲ್ಲಿಸಿತು. ಬೆಳೆಗಾರರು, ರಫ್ತುದಾರರು ಕಂಗಾಲಾದರು. ಬೀಜ ಇಲ್ಲದ ಹಣ್ಣು ತಾನಾಗಿ ದೊಡ್ಡದಾಗೋದಿಲ್ಲ. ಹಣ್ಣು ಹಿಗ್ಗಿಸೋ ಹಾರ್ಮೋನನ್ನು ಬೀಜ ತಾನೇ ತಯಾರಿಸುತ್ತೆ. ಬೀಜ ತೆಗೆದ ಮೇಲೆ ಆ ಕೆಲಸಕ್ಕೆ ಹೊರಗಿನಿಂದ ಜಿಬ್ಬರೆಲಿಕ್ ಆಮ್ಲ ತಂದು ಗೊಂಚಲು ಅದ್ದಬೇಕು. ಬೆಳೆಗಾರರು ‘ಜಿಎ’ ಅಂತಾರಲ್ಲ, ಅದೇ. ನಾವು ಉಗುಳೋಕೆ ಬೇಜಾರು ಪಟ್ಟುಕೊಂಡ ಬೀಜದ ಖರ್ಚನ್ನು ರೈತ ಡಬ್ಬಿಯಲ್ಲಿ ಕೊಂಡು ತರ್ತಿದ್ದಾನೆ.

ಇಷ್ಟು ತಿನ್ನೋ ಹಣ್ಣಿನ ಮಾತಾಯ್ತು. ಆದ್ರೆ ನನ್ನ ದೊಡ್ಡ ಸಿಟ್ಟು ಇರೋದು ಇನ್ನೊಂದು ಕಡೆ, ವೈನ್ ಕಡೆ.

ಮಜಾ ನೋಡಿ, 2007ರಲ್ಲಿ ನಮ್ಮ ರಾಜ್ಯದಲ್ಲಿ ಎರಡು ಕೆಲಸ ಆದವು. ಜುಲೈ 1ರಿಂದ ಸಾರಾಯಿ ನಿಷೇಧ ಆಯ್ತು. ಅದೇ ವರ್ಷ ‘ಕರ್ನಾಟಕ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ’ ಬಂತು, ವೈನ್ ಮಂಡಳಿ ಹುಟ್ಟಿತು. ನಾನು ಕುಡಿಯಿರಿ ಅಂತಾನೂ ಹೇಳ್ತಿಲ್ಲ, ಬೇಡ ಅಂತಾನೂ ಹೇಳ್ತಿಲ್ಲ. ವೈನಿಗೆ ಬೀಜ ಇದ್ರೂ ತೊಂದರೆ ಇಲ್ಲ ಅನ್ನೋದಷ್ಟೇ ನನಗೆ ಮುಖ್ಯ. ದ್ರಾಕ್ಷಿ ಹಿಂಡಿದ ಮೇಲೆ ಬೀಜ ಹಿಂಡಿಯ ಜೊತೆ ಹೋಗುತ್ತೆ. ಜಗತ್ತಿನ ಹೆಸರಾಂತ ವೈನ್ ದ್ರಾಕ್ಷಿಗಳಿಗೆಲ್ಲಾ ಬೀಜ ಇದೆ. ಅಂದ್ರೆ ಮಾರುಕಟ್ಟೆ ಹೊರಗೆ ಹಾಕಿದ ಬೀಜದ ಬಿಳಿ ದ್ರಾಕ್ಷಿಗೆ ಮರ್ಯಾದೆಯಿಂದ ಬದುಕೋಕೆ ವೈನ್ ಒಂದೇ ಒಂದು ಬಾಗಿಲು ತೆರೆದಿತ್ತು. ಆ ಬಾಗಿಲಲ್ಲಿ ನಾವು ಯಾರನ್ನ ಒಳಗೆ ಕರೆದ್ವಿ? ಶಾರ್ಡೊನೆ, ಸೊವಿನ್ಯೋ ಬ್ಲಾಂಕ್, ಶೆನಿನ್ ಬ್ಲಾಂಕ್!

‘ಸುಮ್ನಿರಪ್ಪ, ಅನಾಬ್-ಎ-ಶಾಹಿಯಿಂದ ಒಳ್ಳೆ ವೈನ್ ಆಗಲ್ಲ’ ಅಂತ ತಿಳಿದವರು ಹೇಳ್ತಾರೆ. ಈ ಮಾತಿನಲ್ಲಿ ಹುರುಳಿದೆ. ಈ ತಳಿಯ ಸಿಹಿ 14ರಿಂದ 16 ಬ್ರಿಕ್ಸ್, ಅಂದ್ರೆ ನೂರು ಗ್ರಾಂ ರಸದಲ್ಲಿ ಹೆಚ್ಚುಕಮ್ಮಿ ಅಷ್ಟು ಗ್ರಾಂ ಸಕ್ಕರೆ. ಹುಳಿ ಬಂದಾಗ ಸಕ್ಕರೆಯ ಅರ್ಧಕ್ಕಿಂತ ತುಸು ಹೆಚ್ಚು ಪಾಲು ಮದ್ಯಸಾರ ಆಗುತ್ತೆ ಅಂತ ಲೆಕ್ಕ ಹಿಡಿದರೆ ಶೇಕಡಾ 8ರ ಆಸುಪಾಸಿನ ತೆಳು ವೈನ್ ಸಿಗುತ್ತೆ. ಸಾಧಾರಣ ಬಿಳಿ ವೈನಿಗೆ 11-12 ಬೇಕು. ಅದಕ್ಕೆ 20-21 ಬ್ರಿಕ್ಸ್ ಆದ್ರೂ ಬೇಕು. ಇದರ ಮೇಲೆ ಹೆಕ್ಟೇರಿಗೆ ಸರಾಸರಿ 35 ಟನ್ ಇಳುವರಿ. ಇಷ್ಟೊಂದು ಹಣ್ಣು ಹೊತ್ತ ಬಳ್ಳಿ ರುಚಿಯನ್ನು ಹಂಚಿಬಿಡುತ್ತೆ. ಮತ್ತೆ ಬೂಜು ತುಪ್ಪಟ ರೋಗ, ಬೆಳೆಗಾರರ ಬಾಯಲ್ಲಿ ಡೌನಿ, ಇದಕ್ಕೆ ಬಹಳ ಬೇಗ ಹತ್ತುತ್ತೆ. ಮೂರೂ ನಿಜವಾದ ದೋಷಗಳೇ.

ಆದ್ರೆ ಮೊದಲನೇ ದೋಷಕ್ಕೆ ಔಷಧಿ ನಮ್ಮ ಮನೆಯಲ್ಲೇ ತಯಾರಾಗಿತ್ತು ಕಣ್ರೀ! ಬೆಂಗಳೂರಿನ ಹೆಸರಘಟ್ಟದಲ್ಲಿ, 1967ರಲ್ಲಿ ಶುರುವಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ. ಅಲ್ಲಿಯ ವಿಜ್ಞಾನಿಗಳು ಅನಾಬ್-ಎ-ಶಾಹಿಯನ್ನು ‘ಕ್ವೀನ್ ಆಫ್ ದ ವಿನ್‌ಯಾರ್ಡ್ಸ್’ ಜೊತೆ ಸಂಕರ ಮಾಡಿದರು. ಆ ರಾಣಿ ಹಂಗೇರಿಯ ಯಾನೋಶ್ ಮಾಥಿಯಾಸ್ ಬೆಳೆಸಿದ, ಮಸ್ಕಟ್ ಪರಿಮಳದ ತಳಿ. ಹುಟ್ಟಿದ ಮಕ್ಕಳಲ್ಲಿ ಒಂದರ ಹೆಸರು ಅರ್ಕಾ ಕಾಂಚನ, ಇನ್ನೊಂದು ಅರ್ಕಾ ಸೋಮ. ಕಾಂಚನ ಹೆಸರಿಗೆ ತಕ್ಕ ಹಾಗೆ ಬಂಗಾರದ ಹಳದಿ, 19ರಿಂದ 22 ಬ್ರಿಕ್ಸ್. ಸೋಮ ಹಸಿರು ಹಳದಿ, 20-21 ಬ್ರಿಕ್ಸ್, ಸಿಹಿ ಬಿಳಿ ವೈನಿಗೆ ಒಳ್ಳೇದು ಅಂತ ಸಂಸ್ಥೆಯೇ ಶಿಫಾರಸು ಮಾಡಿದ ತಳಿ. ಎರಡಕ್ಕೂ ಮಸ್ಕಟ್ ಪರಿಮಳ.

ಅಂದ್ರೆ ಅಪ್ಪನಿಗೆ ಯಾವ ಸಿಹಿ ಕಮ್ಮಿ ಅಂತ ಬೈದ್ರೋ, ಆ ಸಿಹಿ ಮಕ್ಕಳಿಗೆ ಬಂದಿತ್ತು. ವೈನ್ ನೀತಿ ಬರೋ ಹೊತ್ತಿಗೆ ಇವು ಕೈಗೆ ಸಿಗೋ ಹಾಗೆ ಇದ್ದವು. ತೆರಿಗೆದಾರರ ದುಡ್ಡಿನಲ್ಲಿ, ನಮ್ಮದೇ ಹವೆಯಲ್ಲಿ ಬೆಳೆಸಿದ ತಳಿಗಳು. ಹೆಸರಘಟ್ಟದಿಂದ ದೊಡ್ಡಬಳ್ಳಾಪುರದ ವೈನ್ ತೋಟಗಳಿಗೆ ಎಷ್ಟು ದೂರ ಹೇಳಿ? ಬೆಳಿಗ್ಗೆ ಬೈಕಲ್ಲಿ ಹೊರಟ್ರೆ ತಿಂಡಿ ಹೊತ್ತಿಗೆ ಅಲ್ಲಿರ್ತೀರಿ. ಆದ್ರೆ ಬೆಂಗಳೂರಿನ ಯಾವ ಅಂಗಡಿಯ ಕಪಾಟಿನಲ್ಲೂ ಅರ್ಕಾ ಕಾಂಚನ ಅಂತ ಹೆಸರು ಹಾಕಿದ ಒಂದು ಬಾಟಲಿ ನನ್ನ ಕಣ್ಣಿಗೆ ಬಿದ್ದಿಲ್ಲ. ನಿಮಗೆ ಸಿಕ್ಕಿದ್ರೆ ಫೋಟೋ ಕಳಿಸಿ, ಇದೇ ಬ್ಲಾಗಿನಲ್ಲಿ ದೊಡ್ಡದಾಗಿ ಹಾಕ್ತೀನಿ.

ಯಾಕೆ ಹೀಗೆ? ಗುಣಕ್ಕಿಂತ ಹೆಸರಿನ ಮೇಲೆ ಇರೋ ಮೋಹ ಅಂತ ನನ್ನ ಅನಿಸಿಕೆ. ಶಾರ್ಡೊನೆ ಅಂತ ಹೆಸರು ಬರೆದ್ರೆ ಕೊಳ್ಳೋನಿಗೆ ಒಂದು ಗತ್ತು. ‘ಅರ್ಕಾ ಕಾಂಚನ’ ಅಂದ್ರೆ ಗೊಬ್ಬರದ ಅಂಗಡಿಯ ಕ್ಯಾಲೆಂಡರ್ ನೆನಪಾಗುತ್ತೆ ಅಂತ ಒಬ್ಬ ಸಹೋದ್ಯೋಗಿ ನಕ್ಕಿದ್ದ. ನಗಲಿ. ಶಾರ್ಡೊನೆ ಕೂಡ ಫ್ರಾನ್ಸಿನ ಒಂದು ಹಳ್ಳಿಯ ಹೆಸರೇ ತಾನೆ? ನಮಗೆ ‘ಸುಲೇಪೇಟ’ ಹೇಗೋ ಅವರಿಗೆ ಅದು ಹಾಗೆ :)

ಇನ್ನು ಆ ಫ್ರೆಂಚ್ ಹೆಸರುಗಳ ಕಥೆಯನ್ನೇ ಸ್ವಲ್ಪ ಕೇಳಿ. ನಂದಿಬೆಟ್ಟದ ಬುಡದಲ್ಲಿ ಗ್ರೋವರ್ ತೋಟದವರು ಬೆಳೆಯೋ ಬಿಳಿ ದ್ರಾಕ್ಷಿಗಳಲ್ಲಿ ವಿಯೊನಿಯೆ ಒಂದು. ಈಗ ಅದಕ್ಕೆ ಜಗತ್ತಿನಾದ್ಯಂತ ಮರ್ಯಾದೆ. ಆದ್ರೆ 1960ರ ದಶಕದಲ್ಲಿ ಅದು ಫ್ರಾನ್ಸಿನಲ್ಲೇ ಬೇಡವಾದ ಹಳೇ ತಳಿ! ರೋನ್ ನದಿ ದಂಡೆಯ ಕೊಂಡ್ರಿಯೂ ಅನ್ನೋ ಊರಿನ ಕಡಿದಾದ ಗುಡ್ಡಗಳಲ್ಲಿ ಕೆಲವೇ ಹೆಕ್ಟೇರ್ ಉಳಿದಿತ್ತು. ಇಳುವರಿ ಕಮ್ಮಿ, ಗುಡ್ಡ ಹತ್ತಿ ಕೆಲಸ ಮಾಡೋರಿಲ್ಲ. ಅಲ್ಲಿಯ ಜಾರ್ಜ್ ವೆರ್ನೆ ಅನ್ನೋ ಬೆಳೆಗಾರ ಕೈಬಿಡದೆ ಹಿಡಿದುಕೊಂಡ. ಅವನಂಥವರು ಸುಮ್ಮನಾಗಿದ್ರೆ ನಂದಿಬೆಟ್ಟಕ್ಕೆ ಬರೋಕೆ ವಿಯೊನಿಯೆ ಕಡ್ಡಿಯೇ ಇರ್ತಿರಲಿಲ್ಲ.

ಇಟಲಿಯ ಪೀಡ್ಮಾಂಟಿನಲ್ಲಿ ಆರ್ನೇಯ್ಸ್ ಅಂತ ಇನ್ನೊಂದು ಬಿಳಿ ದ್ರಾಕ್ಷಿ. ಬೆಲೆಬಾಳುವ ಕೆಂಪು ದ್ರಾಕ್ಷಿಯ ಸಾಲುಗಳ ನಡುವೆ ಇದನ್ನ ಹಕ್ಕಿಗಳ ಪಾಲಿಗೆ ಅಂತ ನೆಡ್ತಿದ್ರಂತೆ. ಇದನ್ನ ತಿಂದು ಹಕ್ಕಿಗಳು ಕೆಂಪು ಹಣ್ಣು ಬಿಡಲಿ ಅಂತ. ಅಂಥಾ ಗತಿಗೆ ಬಂದ ತಳಿಯಿಂದ 1967ರಲ್ಲಿ ಆಲ್ಫ್ರೆಡೊ ಕುರ್ರಾಡೊ ಪ್ರತ್ಯೇಕ ವೈನ್ ಮಾಡಿದರು. ಈಗ ಅದು ಆ ಸೀಮೆಯ ಹೆಮ್ಮೆ.

ಉಲ್ಟಾ ಉದಾಹರಣೆಯೂ ಇದೆ. ಜರ್ಮನಿಯಲ್ಲಿ ಒಂದು ಕಾಲಕ್ಕೆ ಎಲ್ಲಕ್ಕಿಂತ ಹೆಚ್ಚು ಬೆಳೀತಿದ್ದದ್ದು ಸಿಲ್ವಾನರ್. ಅದನ್ನ ಹಿಂದಿಕ್ಕಿ ಬಂದದ್ದು ಮ್ಯೂಲರ್-ತುರ್ಗಾವ್, 1882ರಲ್ಲಿ ಹೆರ್ಮನ್ ಮ್ಯೂಲರ್ ಮಾಡಿದ ಸಂಕರ. ಬೇಗ ಹಣ್ಣಾಗುತ್ತೆ, ಮಸ್ತ್ ಇಳುವರಿ. ಬಂತಲ್ಲಾ ಇಳುವರಿ, ಅಗ್ಗದ ಸಿಹಿ ವೈನನ್ನು ಹೊಳೆಯಾಗಿ ಹರಿಸಿದರು. ಆಮೇಲೆ ಅದೇ ಅಗ್ಗದ ವೈನಿನ ಕೆಟ್ಟ ಹೆಸರು ತಳಿಯ ತಲೆಗೆ ಬಂತು, ಬಳ್ಳಿಗಳನ್ನು ಕಿತ್ತರು. ಹೆಚ್ಚು ಹೊರಿಸಿದವನ ಹೆಸರು ಕೆಡಲಿಲ್ಲ, ಹೊತ್ತ ಬಳ್ಳಿಯ ಹೆಸರು ಕೆಟ್ಟಿತು. ಹೆಕ್ಟೇರಿಗೆ 35 ಟನ್ ಕೊಟ್ಟ ಅನಾಬ್-ಎ-ಶಾಹಿಗೆ ‘ನೀರು ನೀರು’ ಅನ್ನೋರಿಗೆ ನಾನು ಇದನ್ನೇ ಹೇಳೋದು. ಬಳ್ಳಿಗೆ ಹತ್ತು ಗೊಂಚಲು ಕಮ್ಮಿ ಬಿಟ್ಟು ನೋಡಿ ಆಮೇಲೆ ಮಾತಾಡಿ.

ಈಗ ಒಂದು ಗಟ್ಟಿ ಆಕ್ಷೇಪಕ್ಕೆ ಬರ್ತೀನಿ. ‘ಫ್ಯಾಶನ್ ಅಂದ್ರೆ ಬರುತ್ತೆ ಹೋಗುತ್ತೆ. ಬೇಕಾದಾಗ ಮತ್ತೆ ತಂದುಕೊಂಡ್ರಾಯ್ತು. ಯಾಕಿಷ್ಟು ಗಲಾಟೆ?’

ನಮ್ಮ ಕಡೆಯ ಎರಡು ವಸ್ತು ಇಟ್ಟುಕೊಂಡು ಉತ್ತರ ಹೇಳ್ತೀನಿ. ಒಂದು ಶಹಾಬಾದ್ ಕಲ್ಲು. ಒಂದು ಕಾಲದಲ್ಲಿ ಮನೆ ಕಟ್ಟಿದರೆ ಶಹಾಬಾದ್ ಪರಸಿಯೇ ಹಾಕಬೇಕು. ಈಗ ಎಲ್ಲರಿಗೂ ಟೈಲ್ಸ್ ಬೇಕು. ಬೇಜಾರೇನೋ ಆಗುತ್ತೆ, ಆದ್ರೆ ಕಲ್ಲು ಭೂಮಿಯಲ್ಲೇ ಇರುತ್ತೆ. ನಾಳೆ ಯಾರಿಗೋ ಬೇಕೆನಿಸಿದರೆ ಅಗೆದು ತೆಗೀಬಹುದು. ಎರಡನೇದು ತೊಗರಿ. ಹೊಸ ತಳಿ ಬಂದ್ರೂ ಯಾರೋ ಒಬ್ಬ ಮುದುಕಿ ಹಳೇ ಗುಳ್ಯಾಳ ತೊಗರಿಯ ಬೀಜ ಬೂದಿ ಕಲಿಸಿ ಗಡಿಗೆಯಲ್ಲಿ ಎತ್ತಿಟ್ಟಿದ್ರೆ ಮುಂದಿನ ಮಳೆಗೆ ಬಿತ್ತಬಹುದು.

ದ್ರಾಕ್ಷಿಗೆ ಈ ಎರಡೂ ಸೌಲಭ್ಯ ಇಲ್ಲ. ಬೀಜ ಇದ್ರೂ ಪ್ರಯೋಜನ ಇಲ್ಲ, ಯಾಕಂದ್ರೆ ದ್ರಾಕ್ಷಿ ಬೀಜ ಬಿತ್ತಿದ್ರೆ ತಾಯಿಯಂಥ ಬಳ್ಳಿ ಹುಟ್ಟಲ್ಲ, ಪ್ರತಿ ಬೀಜವೂ ಬೇರೆಯದೇ ಬಳ್ಳಿ. ತಳಿ ಉಳೀಬೇಕಾದ್ರೆ ಜೀವಂತ ಬಳ್ಳಿಯ ಕಡ್ಡಿಯನ್ನೇ ನೆಡಬೇಕು. ಅಂದ್ರೆ ಇವತ್ತು ಇರೋ ಅನಾಬ್-ಎ-ಶಾಹಿ ಬಳ್ಳಿ ಪ್ರತಿಯೊಂದೂ ಆ ಮೊದಲ ಬಳ್ಳಿಯ ತುಂಡೇ. ನಡುವೆ ಒಂದು ವರ್ಷವೂ ಸರಪಳಿ ಕಡಿಯೋ ಹಾಗಿಲ್ಲ. ಕೊನೇ ಬಳ್ಳಿ ಒಲೆಗೆ ಹೋದ್ರೆ ಕಥೆ ಮುಗೀತು. ಹೈದರಾಬಾದ್ ಸುತ್ತಲಿನ ದ್ರಾಕ್ಷಿ ತೋಟಗಳ ಜಾಗದಲ್ಲಿ ಈಗ ಲೇಔಟುಗಳು, ಅಪಾರ್ಟ್‌ಮೆಂಟುಗಳು. ಅಲ್ಲಿ ಮತ್ತೆ ಬಳ್ಳಿ ಏಳೋದಿಲ್ಲ.

‘ಸಂಶೋಧನಾ ಕೇಂದ್ರಗಳಲ್ಲಿ ಇಟ್ಟಿದ್ದಾರಲ್ಲ’ ಅನ್ನಬಹುದು. ಇಟ್ಟಿದ್ದಾರೆ, ನಿಜ. ಪುಣೆ ಹತ್ತಿರ ಮಾಂಜರಿಯಲ್ಲಿ 1997ರಲ್ಲಿ ಶುರುವಾದ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರದಲ್ಲಿ ನೂರಾರು ತಳಿಗಳ ಸಂಗ್ರಹ ಇದೆ. ಹೈದರಾಬಾದಿನ ರಾಜೇಂದ್ರನಗರದಲ್ಲಿ ಒಂದು ದ್ರಾಕ್ಷಿ ಸಂಶೋಧನಾ ಕೇಂದ್ರ ಇದೆ, ಹೆಸರಘಟ್ಟ ಇದೆ. ಅವರು ಮಾಡ್ತಿರೋದು ಪುಣ್ಯದ ಕೆಲಸ. ಆದ್ರೆ ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಒಂದು ಮಾತಿದೆ. ಯಾವತ್ತೂ ರಿಸ್ಟೋರ್ ಮಾಡಿ ನೋಡದ ಬ್ಯಾಕಪ್ ಬ್ಯಾಕಪ್ಪೇ ಅಲ್ಲ. ನಾಲ್ಕು ಸಾಲು ಬಳ್ಳಿ ಸರ್ಕಾರಿ ಬೇಲಿಯೊಳಗೆ ಇದ್ರೆ ಸಸ್ಯ ಉಳಿಯುತ್ತೆ. ಅದಕ್ಕೆ ಯಾವಾಗ ಚಾಟಣಿ ಮಾಡಬೇಕು, ಡೌನಿ ಬಂದಾಗ ಯಾವ ಹೊತ್ತಿಗೆ ಔಷಧಿ ಹೊಡೀಬೇಕು, ಹಣ್ಣಿನ ಬಣ್ಣ ಎಷ್ಟಕ್ಕೆ ಬಂದ್ರೆ ಕೊಯ್ಯಬೇಕು ಅನ್ನೋ ಕೈಗುಣ ಬೇಲಿಯೊಳಗೆ ಉಳಿಯಲ್ಲ. ಅದು ತೋಟದಲ್ಲಿ, ವರ್ಷಕ್ಕೆ ಎರಡು ಚಾಟಣಿ ಮಾಡೋ ರೈತನ ಹತ್ತಿರ ಮಾತ್ರ ಉಳಿಯುತ್ತೆ.

ರೈತ ಯಾಕೆ ಉಳಿಸ್ತಾನೆ? ಕೊಳ್ಳೋರಿದ್ರೆ. ಬೆಂಗಳೂರು ನೀಲಿ ದ್ರಾಕ್ಷಿಯನ್ನೇ ನೋಡಿ. ಅದಕ್ಕೂ ಬೀಜ ಇದೆ, ಸಿಪ್ಪೆ ದಪ್ಪ, ಹುಳಿ. ಸೂಪರ್ ಮಾರ್ಕೆಟ್ಟಿನ ಲೆಕ್ಕದಲ್ಲಿ ಎಂದೋ ಮುಳುಗಬೇಕಿತ್ತು. ಆದ್ರೆ ಜ್ಯೂಸಿಗೆ, ವೈನಿಗೆ ಕೊಳ್ಳೋರು ಇದ್ದಾರೆ, ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದಲ್ಲಿ ಬೆಳೆಯೋರೂ ಇದ್ದಾರೆ, 2013ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿತು. ನಮ್ಮ ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಸಿಕ್ಕ ಹಾಗೆ. ಅಂದ್ರೆ ಬೀಜದ ದ್ರಾಕ್ಷಿಗೆ ಈ ನಾಡಿನಲ್ಲಿ ಜಾಗ ಇಲ್ಲ ಅನ್ನೋದು ಶುದ್ಧ ಸುಳ್ಳು. ನೀಲಿಗೆ ಇರೋ ಜಾಗ ಬಿಳಿಗೆ ಯಾಕಿಲ್ಲ?

ಹಾಗಾದ್ರೆ ಏನು ಮಾಡಬೇಕು ಅಂತೀರಾ? ಸುಮ್ನೆ ಬೈದು ಹೋಗೋ ಪೈಕಿ ನಾನಲ್ಲ. ನನ್ನ ಬೇಡಿಕೆ ಮೂರೇ.

ಒಂದು, ರಾಜ್ಯದ ವೈನ್ ನೀತಿಯ ಸೌಲಭ್ಯ ಪಡೆಯೋ ಕಂಪನಿಗಳು ಹೆಸರಘಟ್ಟದ ಬಿಳಿ ತಳಿಗಳಿಗೆ ಒಂದೆರಡು ಎಕರೆಯಾದರೂ ಕೊಟ್ಟು, ಬೆಳೆದ ಹಣ್ಣನ್ನು ಕೊಳ್ಳೋ ಖಾತ್ರಿ ರೈತರಿಗೆ ಬರೆದುಕೊಡಲಿ. ಸೋತರೆ ಸೋಲಲಿ. ಫ್ರೆಂಚ್ ತಳಿಗಳ ಮೇಲೆ ನಂದಿಬೆಟ್ಟದ ಬುಡದಲ್ಲಿ ವರ್ಷಗಟ್ಟಲೆ ಪ್ರಯೋಗ ಮಾಡಲಿಲ್ವಾ? ಅದರಲ್ಲಿ ಕಾಲು ಪಾಲು ತಾಳ್ಮೆ ಇಲ್ಲಿಯೂ ತೋರಿಸಲಿ.

ಎರಡು, ಮಾಡಿದ ಮೇಲೆ ತಳಿಯ ಹೆಸರನ್ನ ಬಾಟಲಿ ಮೇಲೆ ಬರೀಲಿ, ಕನ್ನಡದಲ್ಲೂ ಬರೀಲಿ. ‘ಬಿಳಿ ವೈನ್’ ಅಂತ ಅನಾಮಧೇಯವಾಗಿ ಬೆರೆಸಿ ಹಾಕಿದ್ರೆ ಆ ತಳಿಗೆ ಏನೂ ಸಿಗಲ್ಲ. ವೈನ್ ಮೇಳದಲ್ಲಿ ಒಂದು ಮೇಜು ಇವಕ್ಕೇ ಇರಲಿ.

ಮೂರನೇದು ನಮಗೆ, ಅಂದ್ರೆ ಈ ಪೋಸ್ಟ್ ಓದ್ತಿರೋ ನಿಮಗೆ. ಮುಂದಿನ ಸಲ ಹಣ್ಣಿನ ಗಾಡಿ ಹತ್ತಿರ ‘ಬೀಜ ಇರೋದು ಇದೆಯಾ?’ ಅಂತ ಒಂದು ಮಾತು ಕೇಳಿ. ಇಲ್ಲ ಅಂತಾನೆ, ನಗ್ತಾನೆ. ಪರವಾಗಿಲ್ಲ. ಹತ್ತು ಜನ ಕೇಳಿದ್ರೆ ಹನ್ನೊಂದನೇ ದಿನ ಮಂಡಿಯಲ್ಲಿ ಅವನೂ ಕೇಳ್ತಾನೆ.

ಇನ್ನೊಂದು ಮಾತು. ನಿಮ್ಮ ಊರಲ್ಲಿ, ನಿಮ್ಮ ಅಜ್ಜನ ಮನೆ ಹಿತ್ತಲಲ್ಲಿ, ಹಂದರದ ಮೇಲೆ ಬೀಜದ ಬಿಳಿ ದ್ರಾಕ್ಷಿಯ ಹಳೇ ಬಳ್ಳಿ ಇದ್ರೆ ಇಲ್ಲಿ ಕಾಮೆಂಟಿನಲ್ಲಿ ತಿಳಿಸಿ. ಊರಿನ ಹೆಸರು ಸಾಕು. ಹಣ್ಣು ಉದ್ದವೋ ದುಂಡೋ, ಯಾವ ತಿಂಗಳಲ್ಲಿ ಹಣ್ಣಾಗುತ್ತೆ, ಅದನ್ನ ಮನೆಯಲ್ಲಿ ಏನಂತ ಕರೀತಾರೆ ಅಂತಾನೂ ಬರೆಯಿರಿ. ಅಕ್ಟೋಬರ್ ಚಾಟಣಿ ಹೊತ್ತಿಗೆ ಕತ್ತರಿಸಿ ಬಿಸಾಕೋ ಕಡ್ಡಿಗಳಲ್ಲಿ ಪೆನ್ಸಿಲ್ ದಪ್ಪದ, ಮೂರ್ನಾಲ್ಕು ಕಣ್ಣಿರೋ ನಾಲ್ಕು ಕಡ್ಡಿ ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿ ಎತ್ತಿಡಿ. ಬೇಕು ಅನ್ನೋರು ಇದ್ದಾರೆ. ಸುಲೇಪೇಟದ ಕಪ್ಪು ಮಣ್ಣಿನಲ್ಲಿ ಅದು ಬರುತ್ತೋ ಇಲ್ಲವೋ ನೋಡೋಣ ಅಂತ ನಮ್ಮ ಕಾಕಾ ಈಗಾಗಲೇ ಬಾವಿ ಹತ್ತಿರ ಎರಡು ಗುಂಡಿ ತೋಡಿಸಿದ್ದಾರೆ.

ಏನಂತೀರಿ? ಬೈಯೋದಿದ್ರೂ ಬೈಯಿರಿ, ಆದ್ರೆ ದಯವಿಟ್ಟು ‘ಆ ಕಾಲವೇ ಬೇರೆ’ ಅಂತ ಮಾತ್ರ ಬರೀಬೇಡಿ :)